ನವಜಾತ ಶಿಶುವಿನ ಸ್ವಭಾವ ಹಾಗೂ ಬಾಣಂತಿಯ ಮಾನಸಿಕ ಆರೋಗ್ಯ: ಸಾರ್ವಜನಿಕರಿಗೆ ಮಾಹಿತಿ

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ತಾಲ್ಲೂಕುಗಳ ಬಾಣಂತಿಯರು ಹಾಗೂ ಅವರ ಕುಟುಂಬದವರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಶಿಶುವಿನ ಸ್ವಭಾವ
ಹುಟ್ಟಿನಿಂದಲೇ ಎಲ್ಲಾ ಶಿಶುಗಳ ಸ್ವಭಾವ ಒಂದೇ ತೆರನಾಗಿರುವುದಿಲ್ಲ. ಕೆಲವು ಹಾಲು ಕುಡಿದು ಸುಲಭವಾಗಿ ನಿದ್ರಿಸುತ್ತವೆ. ಕೆಲವು ಸಣ್ಣ ಸದ್ದಿಗೂ ಬೆಚ್ಚಿ, ಎತ್ತಿಕೊಂಡರೂ ಸಮಾಧಾನಗೊಳ್ಳದೆ ಅಳುತ್ತವೆ. ಅಳು ಸಾಮಾನ್ಯವಾಗಿ 6ನೇ ವಾರದ ಸುಮಾರಿಗೆ ಅಧಿಕವಾಗಿ, 3–4 ತಿಂಗಳಲ್ಲಿ ತಗ್ಗುತ್ತದೆ. ಇದನ್ನು ತಾಯಿಯ ತಪ್ಪೆಂದು ಭಾವಿಸತಕ್ಕದ್ದಲ್ಲ. ಜ್ವರವಿದ್ದಲ್ಲಿ ಅಥವಾ ಶಿಶು ಹಾಲು ಕುಡಿಯದಿದ್ದಲ್ಲಿ ಕೂಡಲೇ ವೈದ್ಯರಿಗೆ ತೋರಿಸುವುದು.

2. ತಾಯಿಯ ಮೇಲಿನ ಪರಿಣಾಮ
ಸದಾ ಅಳುವ ಶಿಶುವಿನಿಂದ ತಾಯಿಗೆ ನಿದ್ರೆ ಕೆಟ್ಟು, ತನ್ನಿಂದ ಏನೂ ಆಗದೆಂಬ ಭಾವನೆ ಬೆಳೆಯಬಹುದು. ಖಿನ್ನತೆಯಲ್ಲಿರುವ ತಾಯಿಗೆ ಶಿಶುವನ್ನು ಸಂತೈಸುವುದು ಇನ್ನಷ್ಟು ಕಷ್ಟವಾಗುತ್ತದೆ. ಹೀಗೆ ಒಂದು ಮತ್ತೊಂದನ್ನು ಹೆಚ್ಚಿಸುತ್ತದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮನೆಯವರೆಲ್ಲರೂ ತೋಟಕ್ಕೆ ತೆರಳಿದಾಗ, ಲೈನ್ ಮನೆಯಲ್ಲಿ ಶಿಶುವಿನೊಡನೆ ಒಬ್ಬಳೇ ಉಳಿಯುವ, ತವರು ದೂರವಿರುವ ಬಾಣಂತಿಯ ಬಗ್ಗೆ ವಿಶೇಷ ಗಮನ ಅಗತ್ಯ.

3. ಲಕ್ಷಣಗಳು
ಹೆರಿಗೆಯ ನಂತರ ಕೆಲವು ದಿನ ಅಳು, ಬೇಸರ ಸಹಜ. ಅದು 2 ವಾರ ಮೀರಿದಲ್ಲಿ, ಶಿಶು ಮಲಗಿದಾಗಲೂ ನಿದ್ರೆ ಬಾರದಿದ್ದಲ್ಲಿ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದಲ್ಲಿ ಚಿಕಿತ್ಸೆ ಅಗತ್ಯ. ಸಾಯುವ ಅಥವಾ ಶಿಶುವಿಗೆ ಹಾನಿ ಮಾಡುವ ಯೋಚನೆ, ಅಸಂಬದ್ಧ ಮಾತು, ವಿಪರೀತ ಸಂಶಯ ಕಂಡುಬಂದಲ್ಲಿ ಬಾಣಂತಿಯನ್ನು ಒಂಟಿಯಾಗಿ ಬಿಡದೆ ತಕ್ಷಣವೇ ಆಸ್ಪತ್ರೆಗೆ ಕರೆತರತಕ್ಕದ್ದು. ಬಾಣಂತಿ ಸನ್ನಿ ಎಂದು ಕರೆಯಲಾಗುವ ಈ ಸ್ಥಿತಿಗೆ ಚಿಕಿತ್ಸೆ ಇದೆ.

4. ಕುಟುಂಬದವರ ಕರ್ತವ್ಯ
ಪ್ರತಿದಿನ ಕೆಲ ಗಂಟೆ ಶಿಶುವನ್ನು ಇತರರು ನೋಡಿಕೊಂಡು ತಾಯಿಗೆ ನಿದ್ರೆಗೆ ಅವಕಾಶ ನೀಡುವುದು. ತಾಳ್ಮೆ ಮೀರಿದಾಗ ಶಿಶುವನ್ನು ಸುರಕ್ಷಿತವಾಗಿ ಮಲಗಿಸಿ, ಸ್ವಲ್ಪ ಹೊತ್ತು ದೂರ ಸರಿಯಬಹುದು. ಶಿಶುವನ್ನು ಎಂದಿಗೂ ಜೋರಾಗಿ ಅಲುಗಾಡಿಸಬಾರದು.

5. ಸೇವೆ ಪಡೆಯುವ ವಿಧಾನ
ಅ) ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನಗಳಂದು ಭೇಟಿ ನೀಡುತ್ತಾರೆ. ಶಿಶುವಿನ ತೂಕದೊಡನೆ ತಾಯಿಯ ಮನಸ್ಥಿತಿಯನ್ನೂ ಅವರಿಗೆ ತಿಳಿಸುವುದು.
ಆ) ಸಮೀಪದ ಸರ್ಕಾರಿ ಆಸ್ಪತ್ರೆ ಅಥವಾ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸುವುದು. ತಾಯಿ ಕಾರ್ಡ್ ಇದ್ದಲ್ಲಿ ತರುವುದು. ಇಲ್ಲವೆಂಬ ಕಾರಣಕ್ಕೆ ತಡ ಮಾಡಬಾರದು.
ಇ) 2022ರಲ್ಲಿ ಆರಂಭವಾದ ಟೆಲಿ ಮನಸ್ ಉಚಿತ ಸಹಾಯವಾಣಿ 14416 ದಿನದ 24 ಗಂಟೆಯೂ ಲಭ್ಯವಿದೆ.
ಈ) ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಶಿಶುವನ್ನು ಒಟ್ಟಿಗೆ ದಾಖಲಿಸಿಕೊಳ್ಳುವ ಘಟಕವಿದೆ.

6. ವಿಶೇಷ ಸೂಚನೆ
ಚಿಕಿತ್ಸೆಗೆ ಹೋದರೆ ಮಗುವನ್ನು ಬೇರ್ಪಡಿಸುವರೆಂಬ ಭಯ ಬೇಡ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ 2017ರ ಪ್ರಕಾರ, ದಾಖಲಾದ ತಾಯಿಯಿಂದ 3 ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ತಾಯಿಯಿಂದ ಮಗುವಿಗೆ ಅಪಾಯವಿದ್ದಲ್ಲಿ ತಾತ್ಕಾಲಿಕವಾಗಿ ಬೇರೆ ಇರಿಸಬಹುದು. ಹಾಲುಣಿಸುವ ತಾಯಂದಿರು ಸೇವಿಸಬಹುದಾದ ಔಷಧಗಳೂ ಇವೆ. ವೈದ್ಯರ ಸಲಹೆಯಿಲ್ಲದೆ ಔಷಧವನ್ನಾಗಲಿ, ಹಾಲುಣಿಸುವುದನ್ನಾಗಲಿ ನಿಲ್ಲಿಸತಕ್ಕದ್ದಲ್ಲ.