ಕುಡಿದು ವಾಹನ ಚಾಲನೆ: ‘ಸ್ಟಡಿ ಇದ್ದೀನಿ’ ಎಂಬ ಮಾತು ಎಷ್ಟು ನಿಜ?

ಮದುವೆಯ ಹಿಂದಿನ ರಾತ್ರಿಯ ಪಾರ್ಟಿ, ಊರಹಬ್ಬದ ಬಾಡೂಟ, ಸಂಬಳದ ದಿನದ ಸಂಜೆ. ಸಂದರ್ಭ ಯಾವುದೇ ಇರಲಿ, ಗಾಡಿಯ ಕೀ ಕೈಗೆತ್ತಿಕೊಳ್ಳುವಾಗ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: “ಏನೂ ಆಗಲ್ಲ ಬಿಡೋ, ನಾನು ಸ್ಟಡಿ ಇದ್ದೀನಿ.” ಈ ಮಾತು ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ನಿಜವಾಗಿಯೂ ಹಾಗೆಯೇ ಅನಿಸುತ್ತಿರುತ್ತದೆ. ತೊಂದರೆ ಇರುವುದು ಅಲ್ಲಿಯೇ.

ಮದ್ಯ ಒಳಗೆ ಹೋದ ಮೇಲೆ ದೇಹದಲ್ಲಿ ಏನಾಗುತ್ತದೆ, ಎಷ್ಟು ಹೊತ್ತಿಗೆ ಅದು ಇಳಿಯುತ್ತದೆ, ಕಾಫಿ ಮತ್ತು ನಿಂಬೆರಸದಿಂದ ಉಪಯೋಗವಿದೆಯೇ, ಕಾನೂನು ಏನು ಹೇಳುತ್ತದೆ ಎಂಬುದನ್ನು ಈ ಲೇಖನದಲ್ಲಿ ನಾವು ಒಂದೊಂದಾಗಿ ನೋಡೋಣ.

ಮೊದಲು ಕೆಡುವುದು ಕಾಲಲ್ಲ, ತೀರ್ಮಾನ

ಅನ್ನ, ಮುದ್ದೆಯ ಹಾಗೆ ಮದ್ಯ ಜೀರ್ಣವಾಗಬೇಕಿಲ್ಲ. ಹೊಟ್ಟೆಯಿಂದ ಸ್ವಲ್ಪ, ಸಣ್ಣ ಕರುಳಿನಿಂದ ಹೆಚ್ಚು ಪಾಲು ನೇರವಾಗಿ ರಕ್ತಕ್ಕೆ ಸೇರುತ್ತದೆ. ಕೆಲವೇ ನಿಮಿಷಗಳಲ್ಲಿ ಮೆದುಳನ್ನು ತಲುಪುತ್ತದೆ. ಆದರೆ ರಕ್ತದಲ್ಲಿ ಅದರ ಪ್ರಮಾಣ ಗರಿಷ್ಠ ಮಟ್ಟಕ್ಕೆ ಹೋಗಲು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕು. ಅಂದರೆ, ಕೊನೆಯ ಗ್ಲಾಸ್ ಖಾಲಿ ಮಾಡಿ ತಕ್ಷಣ ಗಾಡಿ ಹತ್ತಿದವರಿಗೆ ಮನೆಯ ದಾರಿಯಲ್ಲಿರುವಾಗಲೇ ಇನ್ನೂ ಏರುತ್ತಿರುತ್ತದೆ. ಹೊರಟಾಗ ಇದ್ದ ‘ಸ್ಟಡಿ’ ಅರ್ಧ ದಾರಿಗೆ ಇರುವುದಿಲ್ಲ.

ಮೆದುಳಿನ ಎಲ್ಲ ಕೆಲಸಗಳೂ ಒಟ್ಟಿಗೆ ಕೆಡುವುದಿಲ್ಲ. ಮೊದಲು ಸಡಿಲವಾಗುವುದು ವಿವೇಚನೆ ಮತ್ತು ಹಿಡಿತ. ಅದಕ್ಕೇ ಒಂದೆರಡು ಪೆಗ್ ಆದ ಮೇಲೆ ಮಾತು ಜಾಸ್ತಿಯಾಗುತ್ತದೆ, ಧೈರ್ಯ ಬರುತ್ತದೆ. ಏಕಕಾಲಕ್ಕೆ ಹಲವು ಕಡೆ ಗಮನ ಕೊಡುವ ಶಕ್ತಿ, ಚಲಿಸುವ ವಸ್ತುವನ್ನು ಕಣ್ಣಲ್ಲಿ ಹಿಂಬಾಲಿಸುವ ಶಕ್ತಿ ಕೂಡ ಕಡಿಮೆ ಪ್ರಮಾಣದಲ್ಲಿಯೇ ಕುಗ್ಗುತ್ತವೆ. ನಾಲಿಗೆ ತೊದಲುವುದು, ನಡಿಗೆ ತೂರಾಡುವುದು ಬಹಳ ನಂತರದ ಹಂತ.

ನಾವು ಸಾಮಾನ್ಯವಾಗಿ ಅಳೆಯುವುದು ಆ ಕೊನೆಯ ಹಂತವನ್ನು. ನೆಟ್ಟಗೆ ನಡೆಯುತ್ತಿದ್ದೇನೆ, ಆದ್ದರಿಂದ ನೆಟ್ಟಗೆ ಓಡಿಸಬಲ್ಲೆ ಎಂದುಕೊಳ್ಳುತ್ತೇವೆ. ಜೊತೆಗೆ, ಅಳೆಯುತ್ತಿರುವುದೂ ಅದೇ ಮೆದುಳು. ತಕ್ಕಡಿಯೇ ಕೆಟ್ಟಿರುವಾಗ ಅದು ತೋರಿಸುವ ತೂಕವನ್ನು ನಂಬುವುದು ಹೇಗೆ?

ಇನ್ನೊಂದು ವಿಷಯವೂ ಇದೆ. ಮದ್ಯದ ಪ್ರಮಾಣ ಇಳಿಯತೊಡಗಿದಾಗ ‘ನಶೆ ಇಳಿಯಿತು’ ಎಂಬ ಅನಿಸಿಕೆ ಬೇಗ ಬರುತ್ತದೆ. ಚಾಲನೆಗೆ ಬೇಕಾದ ಚುರುಕು ಅಷ್ಟು ಬೇಗ ಮರಳುವುದಿಲ್ಲ. ದಿನಾ ಕುಡಿದು ಅಭ್ಯಾಸವಾದವರ ಕಥೆಯೂ ಇದೇ. ಅವರಿಗೆ ನಶೆ ಕಡಿಮೆ ಅನಿಸಬಹುದು, ಆದರೆ ಅವರ ಉಸಿರಿನಲ್ಲೂ ರಕ್ತದಲ್ಲೂ ಮದ್ಯ ಕಡಿಮೆಯಿರುವುದಿಲ್ಲ.

ಅರ್ಧ ಸೆಕೆಂಡಿನ ಲೆಕ್ಕ

ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ಮುಂದೆ ಹೋಗುತ್ತದೆ. ಎದುರಿಗೆ ಏನೋ ಕಂಡು, ಮೆದುಳಿಗೆ ಅರ್ಥವಾಗಿ, ಕಾಲು ಬ್ರೇಕ್ ಒತ್ತುವುದು ಅರ್ಧ ಸೆಕೆಂಡ್ ತಡವಾದರೆ ಗಾಡಿ 8 ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ನಮ್ಮ ಸಾಮಾನ್ಯ ದ್ವಿಪಥ ರಸ್ತೆಯ ಡಾಂಬರಿನ ಅಗಲವೇ ಸುಮಾರು 7 ಮೀಟರ್. ಇಡೀ ರಸ್ತೆ ದಾಟುತ್ತಿರುವ ಒಬ್ಬ ಮನುಷ್ಯನಷ್ಟು ದೂರ ಆ ಅರ್ಧ ಸೆಕೆಂಡಿನಲ್ಲಿ ಕಳೆದುಹೋಗುತ್ತದೆ.

ರಾತ್ರಿಯಲ್ಲಿ ಇದು ಇನ್ನೂ ಕಷ್ಟ. ಎದುರಿನ ಲಾರಿಯ ಹೈಬೀಮ್ ಕಣ್ಣಿಗೆ ಹೊಡೆದ ಮೇಲೆ ಮತ್ತೆ ಸರಿಯಾಗಿ ಕಾಣಲು ಹೆಚ್ಚು ಹೊತ್ತು ಹಿಡಿಯುತ್ತದೆ. ಬಣ್ಣ ಬಳಿಯದ ಹಂಪ್, ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್, ರಸ್ತೆಯಲ್ಲೇ ಮಲಗಿದ ದನ: ಮೈಯೆಲ್ಲ ಕಣ್ಣಾಗಿರುವವರಿಗೂ ಇವು ಸವಾಲೇ. ದ್ವಿಚಕ್ರ ವಾಹನವಾದರೆ ಸಮತೋಲನದ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ದೇಹದ ಸಮತೋಲನ ಕಾಯುವ ಕಿರುಮೆದುಳು ಮದ್ಯಕ್ಕೆ ಬೇಗ ಮಣಿಯುವ ಭಾಗಗಳಲ್ಲೊಂದು.

ಒಂದು ಪೆಗ್ ಎಂದರೆ ಎಷ್ಟು?

ಭಾರತದಲ್ಲಿ ಖಾಸಗಿ, ವಾಣಿಜ್ಯ ಎಂಬ ಭೇದವಿಲ್ಲದೆ ಚಾಲಕರಿಗೆ ಇರುವ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಮದ್ಯಸಾರ. ಇದು ಎಷ್ಟು ಕುಡಿದರೆ ಬರುತ್ತದೆ ಎಂದು ಲೆಕ್ಕ ಹಾಕೋಣ.

ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಗಳ ಸಾಮಾನ್ಯ ಸಾಮರ್ಥ್ಯ ಶೇ 42.8. ಆ ಲೆಕ್ಕದಲ್ಲಿ 30 ಮಿ.ಲೀ. ಪೆಗ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. 60 ಕಿಲೋ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಬೇಗ ಕುಡಿದರೆ ರಕ್ತದಲ್ಲಿ ಅಂದಾಜು ಹೀಗಿರುತ್ತದೆ:

- 30 ಮಿ.ಲೀ. ಪೆಗ್: ಸುಮಾರು 25 ಮಿ.ಗ್ರಾಂ.
- 60 ಮಿ.ಲೀ. ಪೆಗ್: ಸುಮಾರು 50 ಮಿ.ಗ್ರಾಂ.
- ಒಂದು ‘ನೈಂಟಿ’: ಸುಮಾರು 75 ಮಿ.ಗ್ರಾಂ.
- ಶೇ 8ರ ಸ್ಟ್ರಾಂಗ್ ಬಿಯರ್, 650 ಮಿ.ಲೀ. ಬಾಟಲಿ: ಸುಮಾರು 100 ಮಿ.ಗ್ರಾಂ.
- ಒಂದು ‘ಕ್ವಾರ್ಟರ್’: ಸುಮಾರು 150 ಮಿ.ಗ್ರಾಂ.

ಇವು ಅಂದಾಜುಗಳು ಮಾತ್ರ. ತೂಕ, ವಯಸ್ಸು, ಊಟ, ಕುಡಿದ ವೇಗ ಇವುಗಳ ಮೇಲೆ ಹೆಚ್ಚುಕಡಿಮೆ ಆಗುತ್ತವೆ. ಹೆಂಗಸರ ದೇಹದಲ್ಲಿ ನೀರಿನ ಪಾಲು ಸ್ವಲ್ಪ ಕಡಿಮೆ ಇರುವುದರಿಂದ ಅದೇ ತೂಕದ ಗಂಡಸಿಗಿಂತ ಪ್ರಮಾಣ ಹೆಚ್ಚೇ ಬರುತ್ತದೆ. ಆದರೂ ಒಂದು ವಿಷಯ ಸ್ಪಷ್ಟ: ‘ಬರೀ ಒಂದು ಲಾರ್ಜ್’ ಸಾಕು, ಮಿತಿ ದಾಟಲು. ‘ಬರೀ ಬಿಯರ್’ ಎನ್ನುವವರು ಮೂರು-ನಾಲ್ಕು ಪೆಗ್ ವಿಸ್ಕಿಗೆ ಸಮನಾದದ್ದನ್ನೇ ಕುಡಿದಿರುತ್ತಾರೆ.

ಮಿತಿಯೊಳಗೆ ಇದ್ದರೆ ಸುರಕ್ಷಿತ ಎಂದೂ ಅರ್ಥವಲ್ಲ. ಈ ಮಿತಿ ಸ್ವೀಡನ್‌ನಲ್ಲಿ 20, ಇಂಗ್ಲೆಂಡಿನಲ್ಲಿ 80. ನಮ್ಮ ಕರಾವಳಿಯ ಬಹಳಷ್ಟು ಮಂದಿ ದುಡಿಯುವ ಯುಎಇಯಲ್ಲಿ ಸೊನ್ನೆ. ಗಡಿ ದಾಟಿದರೆ ಕಾನೂನು ಬದಲಾಗುತ್ತದೆ, ಮೆದುಳು ಬದಲಾಗುವುದಿಲ್ಲ. 30ಕ್ಕಿಂತ ಕೆಳಗೂ ಗಮನಶಕ್ತಿ ಕುಗ್ಗಿರುತ್ತದೆ.

ಇಳಿಸುವ ‘ಮದ್ದು’ಗಳು ಕೆಲಸ ಮಾಡುತ್ತವೆಯೇ?

ದೇಹಕ್ಕೆ ಸೇರಿದ ಮದ್ಯಸಾರದಲ್ಲಿ ಶೇ 90ಕ್ಕಿಂತ ಹೆಚ್ಚು ಪಾಲನ್ನು ಒಡೆಯುವುದು ಯಕೃತ್ತು. ಉಳಿದ ಚೂರು ಉಸಿರು, ಮೂತ್ರ, ಬೆವರಿನಲ್ಲಿ ಹೋಗುತ್ತದೆ. ಯಕೃತ್ತು ತನ್ನದೇ ಗತಿಯಲ್ಲಿ ಕೆಲಸ ಮಾಡುತ್ತದೆ. ಬಹುತೇಕರಲ್ಲಿ ಗಂಟೆಗೆ 10ರಿಂದ 20 ಮಿ.ಗ್ರಾಂ. ಇಳಿಯುತ್ತದೆ, ಸರಾಸರಿ 15 ಎಂದುಕೊಳ್ಳಬಹುದು. ಅವಸರ ಮಾಡಿದರೆ ಅದು ಓಡುವುದಿಲ್ಲ. ಇದನ್ನು ನೆನಪಿಟ್ಟುಕೊಂಡು ಜನಪ್ರಿಯ ಉಪಾಯಗಳನ್ನು ನೋಡಿ.

ಸ್ಟ್ರಾಂಗ್ ಕಾಫಿ: ನಿದ್ದೆ ಹೋಗಬಹುದು, ಮದ್ಯ ಹೋಗುವುದಿಲ್ಲ. ಎಚ್ಚರವಾಗಿದ್ದೇನೆ ಎಂಬ ಅನಿಸಿಕೆ ಬರುವುದರಿಂದ ಇದು ಇನ್ನೂ ಅಪಾಯ.

ನಿಂಬೆರಸ, ಮಜ್ಜಿಗೆ: ಬಾಯಾರಿಕೆ ತಣಿಯುತ್ತದೆ. ಯಕೃತ್ತಿನ ವೇಗ ಬದಲಾಗುವುದಿಲ್ಲ.

ತಣ್ಣೀರು ಸ್ನಾನ, ಬೈಕಿನಲ್ಲಿ ಹೊಡೆಯುವ ಗಾಳಿ: ಚಳಿಗೆ ಮೈ ಜುಮ್ಮೆನ್ನುತ್ತದೆ, ಅಷ್ಟೇ.

ವಾಂತಿ: ಹೊಟ್ಟೆಯಲ್ಲಿ ಉಳಿದದ್ದು ಹೊರಬರಬಹುದು. ರಕ್ತಕ್ಕೆ ಸೇರಿದ್ದು ಬರುವುದಿಲ್ಲ.

ಹೊಟ್ಟೆ ತುಂಬ ಊಟ: ಕುಡಿಯುವ ಮುಂಚೆ ಉಂಡಿದ್ದರೆ ಮದ್ಯ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ, ಏರುವ ಮಟ್ಟವೂ ತುಸು ತಗ್ಗುತ್ತದೆ. ಕುಡಿದಾದ ಮೇಲೆ ಬಿರಿಯಾನಿ ತಿಂದರೆ ಆಗಲೇ ಸೇರಿದ್ದು ಇಳಿಯುವುದಿಲ್ಲ.

ಒಂದು ನಿದ್ದೆ: ಇದು ಬಹಳ ಜನ ಎಡವುವ ಜಾಗ. ಮೇಲಿನ 60 ಕಿಲೋ ತೂಕದ ವ್ಯಕ್ತಿಯನ್ನೇ ತೆಗೆದುಕೊಳ್ಳಿ. ರಾತ್ರಿ 11ರಿಂದ 12ರೊಳಗೆ ಒಂದು ಕ್ವಾರ್ಟರ್ ಮುಗಿಸಿದರೆ, 12 ಗಂಟೆಗೆ ಅವರ ಲೆಕ್ಕ ಸುಮಾರು 135. ಗಂಟೆಗೆ 15ರಂತೆ ಇಳಿದರೂ ಬೆಳಗಿನ ಜಾವ 5ಕ್ಕೆ ಇನ್ನೂ 60 ಇರುತ್ತದೆ, ಅಂದರೆ ಮಿತಿಯ ಎರಡು ಪಟ್ಟು. 7 ಗಂಟೆಗೆ 30. ಪೂರ್ತಿ ಖಾಲಿಯಾಗುವುದು 9 ಗಂಟೆಗೆ. ನಿದ್ದೆ ಮಾಡಿದ್ದಾರೆ, ಹಲ್ಲುಜ್ಜಿದ್ದಾರೆ, ಮುಖ ತೊಳೆದಿದ್ದಾರೆ. ಆದರೂ ಮುಂಜಾನೆ ಶಾಲೆಯ ವ್ಯಾನನ್ನೋ ಹಾಲಿನ ಗಾಡಿಯನ್ನೋ ಹೊರಡಿಸಿದರೆ ಅದು ಕುಡಿದು ಚಾಲನೆಯೇ.

ಯಂತ್ರವನ್ನು ಯಾಮಾರಿಸಬಹುದೇ?

ಪೊಲೀಸರ ಉಸಿರು ಪರೀಕ್ಷಕ ಬಾಯಿಯ ವಾಸನೆ ನೋಡುವುದಿಲ್ಲ. ಶ್ವಾಸಕೋಶದಲ್ಲಿ ರಕ್ತ ಮತ್ತು ಗಾಳಿ ಬಹಳ ಹತ್ತಿರ ಬರುತ್ತವೆ. ರಕ್ತದ ಮದ್ಯಸಾರ ಆವಿಯಾಗಿ ಗಾಳಿಗೆ ಸೇರುತ್ತದೆ. ಸುಮಾರು 2,100 ಮಿ.ಲೀ. ಆಳದ ಉಸಿರಿನಲ್ಲಿ ಇರುವಷ್ಟೇ ಮದ್ಯಸಾರ 1 ಮಿ.ಲೀ. ರಕ್ತದಲ್ಲಿ ಇರುತ್ತದೆ ಎಂಬುದು ಈ ಯಂತ್ರಗಳು ಬಳಸುವ ಲೆಕ್ಕ. ಇಂದಿನ ಬಹಳಷ್ಟು ಯಂತ್ರಗಳಲ್ಲಿ ಆ ಆವಿ ಪ್ಲಾಟಿನಂ ವಿದ್ಯುದ್ವಾರದ ಮೇಲೆ ರಾಸಾಯನಿಕ ಕ್ರಿಯೆಗೆ ಒಳಗಾಗಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ವಿದ್ಯುತ್ ಹೆಚ್ಚಿದಷ್ಟೂ ಮದ್ಯ ಹೆಚ್ಚು.

ಏಲಕ್ಕಿ, ಈರುಳ್ಳಿ, ಪಾನ್, ಬಾಯಲ್ಲಿ ತಾಮ್ರದ ನಾಣ್ಯ ಇವೆಲ್ಲ ಆದ್ದರಿಂದಲೇ ವ್ಯರ್ಥ. ಮದ್ಯಸಾರವಿರುವ ಮೌತ್‌ವಾಶ್ ಬಳಸಿದರೆ ಯಂತ್ರ ಸ್ವಲ್ಪ ಹೊತ್ತು ಹೆಚ್ಚೇ ತೋರಿಸಬಹುದು. ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿದರೆ ಆ ಗೊಂದಲ ನಿವಾರಣೆಯಾಗುತ್ತದೆ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ, 2019ರ ತಿದ್ದುಪಡಿಯ ನಂತರ, ಮೊದಲ ಸಲದ ತಪ್ಪಿಗೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ. ಇದು ರಸ್ತೆಬದಿಯಲ್ಲೇ ದಂಡ ಕಟ್ಟಿ ಮುಗಿಸುವ ಪ್ರಕರಣವಲ್ಲ, ನ್ಯಾಯಾಲಯಕ್ಕೆ ಹೋಗಬೇಕು. ಪರವಾನಗಿಯೂ ಅಮಾನತಾಗಬಹುದು. ಊದಲು ನಿರಾಕರಿಸಿದರೆ ಪಾರಾಗಬಹುದು ಎಂಬುದೂ ತಪ್ಪು ತಿಳಿವಳಿಕೆ. ಕುಡಿದಿರುವ ಅನುಮಾನಕ್ಕೆ ಸಕಾರಣವಿದ್ದರೆ ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವನ್ನು 203ನೇ ಕಲಂ ಪೊಲೀಸರಿಗೆ ಕೊಟ್ಟಿದೆ.

ಹೆಚ್ಚು ಜನರಿಗೆ ತಿಳಿಯದ ಇನ್ನೊಂದು ಕಲಂ 188. ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವರಿಗೂ ಓಡಿಸಿದವರಿಗೆ ಇರುವ ಶಿಕ್ಷೆಯೇ. “ನೀನೇ ಓಡಿಸೋ” ಎಂದು ಕುಡಿದ ಗೆಳೆಯನ ಕೈಗೆ ಕೀ ಕೊಡುವ ಮೊದಲು ಇದು ನೆನಪಿರಲಿ.

ಸಾವು ಸಂಭವಿಸಿದರೆ ವಿಷಯವೇ ಬೇರೆ. ನಿರ್ಲಕ್ಷ್ಯದಿಂದಾದ ಸಾವಿಗೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 5 ವರ್ಷದವರೆಗೆ ಶಿಕ್ಷೆಯಿದೆ. ಆದರೆ ಕುಡಿದು ಓಡಿಸಿದ್ದನ್ನು ಬರೀ ನಿರ್ಲಕ್ಷ್ಯ ಎನ್ನಲಾಗದ ಪ್ರಕರಣಗಳೂ ಇವೆ. 2006ರ ನವೆಂಬರ್‌ನಲ್ಲಿ ಮುಂಬೈನ ಕಾರ್ಟರ್ ರಸ್ತೆಯಲ್ಲಿ ಕಾರೊಂದು ಪಾದಚಾರಿ ಮಾರ್ಗಕ್ಕೆ ನುಗ್ಗಿ, ಅಲ್ಲಿ ಮಲಗಿದ್ದ 7 ಮಂದಿ ಸತ್ತರು. 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕೊಲೆಯಲ್ಲದ ಮಾನವ ಹತ್ಯೆ ಎಂದೇ ಪರಿಗಣಿಸಿದ ತೀರ್ಪನ್ನು ಎತ್ತಿಹಿಡಿಯಿತು. ಸತ್ತವರು ಕುಡಿದಿದ್ದವನ ಜೊತೆಗಾರರಲ್ಲ, ದುಡಿದು ದಣಿದು ರಸ್ತೆಬದಿಯಲ್ಲಿ ಮಲಗಿದ್ದ ಕೂಲಿಯವರು.

ಆಸ್ಪತ್ರೆಯಲ್ಲಿ, ಮನೆಯಲ್ಲಿ

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಇಂಥ ವರದಿಗಳಲ್ಲಿ ಮದ್ಯದ ಪಾಲು ಸಣ್ಣದಾಗಿ ಕಾಣುತ್ತದೆ. ಗಾಯಾಳುವನ್ನು ಮೊದಲು ಆಸ್ಪತ್ರೆಗೆ ಸಾಗಿಸುತ್ತಾರೆ, ಎಲ್ಲರಿಗೂ ಪರೀಕ್ಷೆ ಆಗುವುದಿಲ್ಲ, ಕಾರಣದ ಕಾಲಂನಲ್ಲಿ ‘ಅತಿವೇಗ’ ಎಂದು ಬರೆದುಬಿಡುವುದು ಸುಲಭ. ಆ ಅತಿವೇಗದ ಹಿಂದೆ ಏನಿತ್ತು ಎಂಬುದು ದಾಖಲಾಗದೆ ಉಳಿಯಬಹುದು.

ಮದ್ಯ ಅಪಘಾತದ ನಂತರವೂ ತೊಂದರೆ ಕೊಡುತ್ತದೆ. ತಲೆಗೆ ಪೆಟ್ಟು ಬಿದ್ದವರು ತೊದಲುತ್ತಿದ್ದರೆ, ಮಂಪರಿನಲ್ಲಿದ್ದರೆ ಅದು ಕುಡಿದದ್ದಕ್ಕೋ ಮೆದುಳಿನಲ್ಲಿ ರಕ್ತ ಸೋರುತ್ತಿರುವುದಕ್ಕೋ ಎಂದು ತಿಳಿಯುವುದು ವೈದ್ಯರಿಗೂ ಕಷ್ಟ. ವಾಂತಿ ಶ್ವಾಸನಾಳಕ್ಕೆ ಇಳಿಯುವ ಅಪಾಯ ಹೆಚ್ಚು, ಅರಿವಳಿಕೆ ಕೊಡುವುದೂ ಸೂಕ್ಷ್ಮ.

ವಿಮೆಯ ಮಾತಿಗೆ ಬಂದರೆ, ಸಾಮಾನ್ಯವಾಗಿ ಪಾಲಿಸಿಗಳು ಕುಡಿದು ಓಡಿಸಿದಾಗ ಸ್ವಂತ ವಾಹನಕ್ಕಾದ ಹಾನಿಯನ್ನು ಭರಿಸುವುದಿಲ್ಲ. ಬಲಿಯಾದವರ ಕುಟುಂಬಕ್ಕೆ ಕೊಟ್ಟ ಪರಿಹಾರವನ್ನು ವಾಹನ ಮಾಲೀಕರಿಂದ ವಸೂಲು ಮಾಡಿಕೊಳ್ಳಲು ನ್ಯಾಯಾಲಯಗಳು ವಿಮಾ ಕಂಪನಿಗೆ ಅವಕಾಶ ಕೊಟ್ಟದ್ದೂ ಇದೆ. ದುಡಿಯುವ ಕೈ ಹಾಸಿಗೆ ಹಿಡಿದಿರುವಾಗ ಇಂಥ ಸಾಲ ಹೆಂಡತಿ ಮಕ್ಕಳ ಹೆಗಲಿಗೆ ಬೀಳುತ್ತದೆ.

ಹಾಗಾದರೆ ಏನು ಮಾಡಬೇಕು?

ಕುಡಿದ ಮೇಲೆ ತೀರ್ಮಾನಿಸುವ ಶಕ್ತಿಯೇ ಮೊದಲು ಹೋಗುವುದರಿಂದ, ತೀರ್ಮಾನ ಕುಡಿಯುವುದಕ್ಕಿಂತ ಮುಂಚೆ ಆಗಿರಬೇಕು.

- ಪಾರ್ಟಿಗೆ ಹೋಗುವಾಗಲೇ ಗಾಡಿ ಮನೆಯಲ್ಲಿ ಬಿಡಿ. ಗಾಡಿ ಜೊತೆಗಿಲ್ಲದಿದ್ದರೆ ಓಡಿಸುವ ಪ್ರಶ್ನೆಯೇ ಬರುವುದಿಲ್ಲ.
- ಗುಂಪಿನಲ್ಲಿ ಹೋದರೆ ಆ ದಿನ ಒಂದು ಹನಿಯೂ ಮುಟ್ಟದ ಒಬ್ಬರಿಗೆ ಕೀ ಒಪ್ಪಿಸಿ. ‘ಕಡಿಮೆ ಕುಡಿದವನು’ ಲೆಕ್ಕಕ್ಕಿಲ್ಲ.
- ಆಟೊ, ಕ್ಯಾಬ್ ಸಿಗದ ಊರಾದರೆ ಅಲ್ಲೇ ಉಳಿಯುವ ಏರ್ಪಾಟು ಮಾಡಿಕೊಳ್ಳಿ. ಕರೆದವರೂ ಚಾಪೆ, ದಿಂಬಿನ ವ್ಯವಸ್ಥೆಯನ್ನು ಊಟದ ವ್ಯವಸ್ಥೆಯಷ್ಟೇ ಮುಖ್ಯವೆಂದು ನೋಡಲಿ.
- ಮರುದಿನ ಬೆಳಗ್ಗೆ ಗಾಡಿ ಓಡಿಸುವುದಿದ್ದರೆ ಗಂಟೆಗಳ ಲೆಕ್ಕವನ್ನು ಹಿಂದಿನ ರಾತ್ರಿಯೇ ಹಾಕಿ.
- ಕುಡಿದವರ ಜೊತೆ ಕೀಗಾಗಿ ವಾದಕ್ಕೆ ನಿಲ್ಲಬೇಡಿ. “ಅಣ್ಣ, ನಾನು ಬಿಡ್ತೀನಿ ಬಾ” ಎಂದು ಮೆಲ್ಲಗೆ ಕೀ ತೆಗೆದುಕೊಳ್ಳಿ. ಬೆಳಗ್ಗೆ ಅವರು ಬೈದರೂ ನಡೆಯುತ್ತದೆ.

‘ಸ್ಟಡಿ ಇದ್ದೀನಿ’ ಎಂಬ ಮಾತು ಮುಂದಿನ ಸಲ ಕೇಳಿದಾಗ, ಅದನ್ನು ಹೇಳುತ್ತಿರುವುದು ನಿಮ್ಮ ಗೆಳೆಯನಲ್ಲ, ಅವನೊಳಗಿನ ಮದ್ಯ ಎಂದು ತಿಳಿಯಿರಿ. ಅದರ ಜೊತೆ ಚರ್ಚೆ ಬೇಡ, ಕೀ ಮಾತ್ರ ಕೊಡಬೇಡಿ.