ಕಾಲು ತೊಳೆಯುವುದು ಯಾರ ಪದ್ಧತಿ?

ವುಝೂ ಮಾಡುವಾಗ ಕೊನೆಗೆ ಕಾಲು ತೊಳೆಯುತ್ತೇವಲ್ಲ, ಅದು ನಮ್ಮಲ್ಲಿ ಮಾತ್ರ ಇರುವ ಕ್ರಮ ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ಯಹೂದಿಗಳ ಧರ್ಮಶಾಸ್ತ್ರದ ಬಗ್ಗೆ ಓದಿದ ಮೇಲೆ ಆ ತಿಳುವಳಿಕೆ ಬದಲಾಯಿತು.

ಮೂಸಾ ಬಿನ್ ಮೈಮೂನ್ (1138-1204) ಈಜಿಪ್ಟಿನ ಫುಸ್ತಾತ್‌ನಲ್ಲಿದ್ದ ಯಹೂದಿ ವಿದ್ವಾಂಸ, ಹಕೀಮರೂ ಹೌದು. ಪ್ರಾರ್ಥನೆಗೆ ಅಡ್ಡಿಯಾಗುವ ಐದು ಸಂಗತಿಗಳನ್ನು ಅವರು 'ಮಿಶ್ನೆ ತೋರಾ'ದಲ್ಲಿ ಹೇಳುತ್ತಾರೆ. ಮೊದಲನೆಯದು ಕೈ ಶುದ್ಧವಿಲ್ಲದಿರುವುದು. ಪ್ರಯಾಣದಲ್ಲಿ ನೀರು ನಾಲ್ಕು ಮೀಲ್, ಅಂದರೆ 8000 ಮೊಳದೊಳಗೆ ಸಿಗುವಂತಿದ್ದರೆ ನಡೆದು ಹೋಗಿ ತೊಳೆಯಬೇಕು. ಅದಕ್ಕಿಂತ ದೂರವಾದರೆ ಮಣ್ಣಿನಲ್ಲಿ ಉಜ್ಜಿಕೊಂಡರೆ ಸಾಕು. ನಮಗೆ ತಯಮ್ಮುಮ್ ನೆನಪಾಗುತ್ತದೆ, ಆದರೆ ಇಲ್ಲಿ ಮುಖ ಸವರುವುದಿಲ್ಲ, ಕೈ ಮಾತ್ರ. ಮಲಮೂತ್ರ ತಡೆದುಕೊಂಡು ಪ್ರಾರ್ಥನೆಗೆ ನಿಲ್ಲಬಾರದು ಎಂಬುದೂ ಆ ಐದರಲ್ಲಿ ಬರುತ್ತದೆ. ನಮ್ಮ ಹದೀಸ್‌ನಲ್ಲೂ ಅದು ಇದೆ.

ಬೆಳಗಿನ ಪ್ರಾರ್ಥನೆಗೆ ಮಾತ್ರ ಅವರು ಮುಖ, ಕೈ, ಕಾಲು ಮೂರನ್ನೂ ತೊಳೆಯಲು ಹೇಳಿದರು. ದಕ್ಷಿಣ ಫ್ರಾನ್ಸಿನ ರಬ್ಬಿ ಅಬ್ರಹಾಂ ಬೆನ್ ದಾವಿದ್ ಈ ಸಾಲಿನ ಬದಿಯಲ್ಲೇ ಆಕ್ಷೇಪ ಬರೆದರು: ಕಾಲು ಯಾಕೆ ಎಂದು ತನಗೆ ತಿಳಿಯದು ಎಂದು. ಕ್ರೈಸ್ತರ ನಾಡಿನಲ್ಲಿದ್ದವರಿಗೆ ಅದು ಹೊಸತಾಗಿ ಕಂಡದ್ದು ಸಹಜ ಎಂದು ನನಗನಿಸುತ್ತದೆ.

ನಿಜವಾದ ಜಗಳ ಎದ್ದದ್ದು ಮಗನ ಕಾಲದಲ್ಲಿ. ತಂದೆಯ ನಂತರ ಈಜಿಪ್ಟಿನ ಯಹೂದಿಗಳ ಮುಖಂಡನಾದ ಇಬ್ರಾಹೀಂ (1186-1237), ಪ್ರಾರ್ಥನೆಗೆ ಮೊದಲು ಕಾಲು ತೊಳೆಯುವುದನ್ನೂ, ಜೆರುಸಲೇಮಿಗೆ ಮುಖ ಮಾಡಿ ಸಾಲಾಗಿ ಕೂರುವುದನ್ನೂ, ನೆಲಕ್ಕೆ ಹಣೆ ಹಚ್ಚುವುದನ್ನೂ ತನ್ನ ಬಳಗದಲ್ಲಿ ತಂದರು. ಇದು ಬಿದ್‌ಅತ್, ಮುಸ್ಲಿಮರ ಅನುಕರಣೆ ಎಂದು ವಿರೋಧಿಗಳು ಕೂಗೆಬ್ಬಿಸಿದರು. ದೂರು ಮುಸ್ಲಿಂ ಸುಲ್ತಾನನ ಸರಕಾರದವರೆಗೂ ಹೋಯಿತು! 'ಮುಸ್ಲಿಮರಂತೆ ಮಾಡುತ್ತಾರೆ' ಎಂಬ ದೂರನ್ನು ಮುಸ್ಲಿಂ ಸುಲ್ತಾನನಿಗೇ ಕೊಟ್ಟವರ ಧೈರ್ಯ ನೋಡಿ.

ಇಬ್ರಾಹೀಂರ ಉತ್ತರ ತೌರಾತ್‌ನಲ್ಲೇ ಇತ್ತು. ಸೇವೆಗೆ ಹೋಗುವ ಮೊದಲು ಹಾರೂನರೂ ಅವರ ಮಕ್ಕಳೂ ಕಂಚಿನ ತೊಟ್ಟಿಯ ನೀರಲ್ಲಿ ಕೈ ಕಾಲು ತೊಳೆಯಬೇಕೆಂದು ಅಲ್ಲಿ ಆಜ್ಞೆಯಿದೆ. ಅಂದರೆ ಇದು ಎರವಲಲ್ಲ, ನಾವು ಬಿಟ್ಟದ್ದನ್ನು ಅವರು ಉಳಿಸಿಕೊಂಡಿದ್ದಾರೆ ಎಂಬುದು ಅವರ ವಾದ. ಸೂಫಿಗಳನ್ನು ಅರಬಿಯಲ್ಲೇ ಬರೆದ ತನ್ನ ಗ್ರಂಥದಲ್ಲಿ ಬಹಿರಂಗವಾಗಿ ಹೊಗಳಿದವರು ಅವರು. ಹಾಗಾಗಿ ವಿರೋಧಿಗಳ ಮಾತು ಪೂರ್ತಿ ಸುಳ್ಳೆಂದೂ ನನಗೆ ಹೇಳಲಾಗದು.

ಆ ಸುಧಾರಣೆ ಬಹುಕಾಲ ನಿಲ್ಲಲಿಲ್ಲ. ಇಂದು ಹೆಚ್ಚಿನ ಯಹೂದಿಗಳು ಪ್ರಾರ್ಥನೆಗೆ ತೊಳೆಯುವುದು ಕೈಯನ್ನಷ್ಟೇ. ತಂದೆಯ ಪುಸ್ತಕದಲ್ಲಿ ಮಾತ್ರ ಆ ಸಾಲು ಹಾಗೆಯೇ ಇದೆ, ಪಕ್ಕದಲ್ಲಿ ಫ್ರಾನ್ಸಿನ ರಬ್ಬಿಯ ಆಕ್ಷೇಪವೂ.