ಟಾಕಳಾ ಎಂದರೆ ನಮ್ಮ ಚಗಟೆಯೇ!

ಜೂನ್ ತಿಂಗಳ ಕೊನೆಯ ವಾರ ಕಚೇರಿಯಿಂದ ಮರಳಿ ಕೋಪರಖೈರಣೆ ನಿಲ್ದಾಣದಲ್ಲಿಳಿದು ಕೊಡೆ ಬಿಚ್ಚುತ್ತ ಹೊರಬಂದರೆ, ತರಕಾರಿ ಗಾಡಿಗಳ ಸಾಲಿನಿಂದ ತುಸು ದೂರದಲ್ಲಿ ನೆಲದ ಮೇಲೆ ಹಾಳೆ ಹಾಸಿ, ನಾಲ್ಕಾರು ಸೊಪ್ಪಿನ ಕಟ್ಟುಗಳನ್ನಿಟ್ಟುಕೊಂಡು ಒಬ್ಬ ಮುದುಕಿ ಕುಳಿತಿರುತ್ತಿದ್ದಳು. ತಕ್ಕಡಿ ಇಲ್ಲ, ಕೂಗಾಟವಿಲ್ಲ. ಈ ಊರಿಗೆ ಬಂದ ಹೊಸತರಲ್ಲಿ ಅದೇನೆಂದು ಕೇಳಿದಾಗ "ಟಾಕಳಾ" ಎಂದಿದ್ದಳು. ಹೆಸರು ಗೊತ್ತಾಗದೆ ಮುಂದೆ ನಡೆದುಬಿಟ್ಟಿದ್ದೆ. ಮರುವರ್ಷ ಊರಿನಿಂದ ಬಂದಿದ್ದ ನನ್ನ ತಾಯಿ ಅದೇ ಕಟ್ಟಿನಿಂದ ಒಂದೆಲೆ ಚಿವುಟಿ ಮೂಸಿ, "ಇದು ಚಗಟೆಯಲ್ಲವೇನೋ! ಇದಕ್ಕೂ ಇಲ್ಲಿ ದುಡ್ಡು ಕೊಡಬೇಕೆ?" ಎಂದು ಬೆರಗಾದಳು.

ವಾಚಕರಲ್ಲಿ ಕರಾವಳಿಯವರಿಗೆ ಈ ಗಿಡದ ಪರಿಚಯ ಬೇಕಿಲ್ಲ. ಚಗಟೆ, ತಗಟೆ ಎಂದು ಕನ್ನಡದಲ್ಲಿ, ತಜಂಕ್ ಎಂದು ತುಳುವಿನಲ್ಲಿ, ತಾಯ್ಕಿಳೊ ಎಂದು ಕೊಂಕಣಿಯಲ್ಲಿ ಕರೆಯುವುದೂ, ಮರಾಠಿಯ ಟಾಕಳಾ ಎಂಬುದೂ ಒಂದೇ. ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು ಕ್ಯಾಸಿಯಾ ಟೋರಾ ಎಂದು ಬರೆಸಿದ್ದರು. ಈಗಿನ ಪುಸ್ತಕಗಳಲ್ಲಿ ಸೆನ್ನಾ ಟೋರಾ ಎಂದಾಗಿದೆ. ಮೊದಲ ಮಳೆಗೆ ಮೊಳೆತು, ಸಂಜೆಯಾಗುತ್ತಲೇ ಎಲೆ ಮಡಚಿ ಮಲಗುವ ಈ ಗಿಡ ಭಾದ್ರಪದದ ಹೊತ್ತಿಗೆ ಹಳದಿ ಹೂ ಬಿಟ್ಟು ಒರಟಾಗುತ್ತದೆ. ತಿನ್ನುವುದಾದರೆ ಆಷಾಢದಲ್ಲೇ ತಿನ್ನಬೇಕು.

ನನಗೆ ಹೆಚ್ಚಿನ ಆಶ್ಚರ್ಯವಾದದ್ದು ಹೆಸರಿನಿಂದಲ್ಲ, ಅಡಿಗೆಯಿಂದ. ಚಗಟೆ ಪಲ್ಯಕ್ಕೆ ಹಲಸಿನ ಬೀಜ ಹಾಕುವುದು ನಮ್ಮ ಉಡುಪಿ ಕಡೆಯ ಗುಟ್ಟೆಂದು ನಂಬಿದ್ದೆ. ಮುದುಕಿಯನ್ನು ಕೇಳಿದರೆ ಆಕೆಯೂ "ಫಣಸದ ಆಠಳಿ ಹಾಕು" ಎನ್ನಬೇಕೆ! ಯೋಚಿಸಿದರೆ ಇದರಲ್ಲಿ ಪವಾಡವೇನೂ ಇಲ್ಲ. ಠಾಣೆಯಿಂದ ಮಂಗಳೂರಿನವರೆಗೆ ಸಹ್ಯಾದ್ರಿಗೆ ಬಡಿದು ಸುರಿಯುವುದು ಒಂದೇ ಮುಂಗಾರು. ಬೇಸಗೆಯ ಹಲಸು ಮುಗಿದು ಬೀಜ ಉಳಿದಿರುತ್ತದೆ, ಅಂಗಳದಲ್ಲಿ ಸೊಪ್ಪು ಎದ್ದಿರುತ್ತದೆ, ಗದ್ದೆಯಲ್ಲಿ ನಾಟಿಯ ಕೆಲಸ, ಕೈಯಲ್ಲಿ ಕಾಸಿಲ್ಲ. ಮಳೆಗಾಲದ ಅಡಿಗೆ ಹುಟ್ಟಿದ್ದು ಹೀಗೆ, ಎರಡೂ ಕಡೆ.

ನಮ್ಮ ಸಂಘದ ಹಿರಿಯರಿಗೆ ಈ ಭಾಗ ಒಮ್ಮೆ ಕನ್ನಡ ಅರಸರದಾಗಿತ್ತೆಂದು ಹೇಳುವುದರಲ್ಲಿ ಬಲು ಪ್ರೀತಿ. ಅದು ಸುಳ್ಳಲ್ಲ, ಕಾನ್ಹೇರಿ ಗುಹೆಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಶಾಸನಗಳಿವೆ. ಆದರೆ ಚಗಟೆಗೆ ಯಾವ ಅರಸನ ಅಪ್ಪಣೆಯೂ ಬೇಕಾಗಿರಲಿಲ್ಲ. ಅಡಿಗೆಯನ್ನು ಗ್ರಂಥವಾಗಿಸುವ ಪದ್ಧತಿಯೂ ನಮ್ಮಲ್ಲಿ ಹಳೆಯದೇ: 11ನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಪಾಕಕ್ಕೆ ಒಂದು ಅಧ್ಯಾಯವಿದೆ, 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಭಕ್ಷ್ಯಭೋಜ್ಯಗಳನ್ನು ವರ್ಣಿಸಿದ, 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲೇ ಬರೆದು ಬದನೆ, ಬಾಳೆ, ಹಲಸುಗಳ ಪಾಕವನ್ನು ತಿಳಿಸಿದ. ನನ್ನ ಅಜ್ಜಿ ಇವರಾರ ಹೆಸರನ್ನೂ ಕೇಳಿದವಳಲ್ಲ. ಅವಳಿಗೆ ಮಳೆಯೇ ಪಂಚಾಂಗ.

ಅಂದಿನಿಂದ ಮುದುಕಿಯ ಬುಟ್ಟಿಯೇ ನನ್ನ ಪಾಠಶಾಲೆಯಾಯಿತು. ಅವಳ ಕರ್ಟೋಲಿ ನಮ್ಮ ಮಾಡಹಾಗಲ. ವಾಸ್ತೆ ಎಂದರೆ ಕಳಲೆ. ಹಸಿ ಬಿದಿರು ಮೊಳಕೆಯಲ್ಲಿ ಸೈನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ ಅದನ್ನು ಹೆಚ್ಚಿ, ನೀರು ಬದಲಿಸುತ್ತ ಮೂರು ದಿನ ನೆನೆಹಾಕಿ, ಚೆನ್ನಾಗಿ ಬೇಯಿಸಬೇಕೆಂಬುದು ನಮ್ಮಮ್ಮನಿಗೆ ರಸಾಯನಶಾಸ್ತ್ರ ಓದದೆಯೇ ಗೊತ್ತಿತ್ತು. ಅಳೂ ಎಂದರೆ ಕೆಸು. ನಾವು ನೆನೆದ ಅಕ್ಕಿಯನ್ನು ಕಾಯಿ, ಮೆಣಸು, ಹುಣಸೆ, ಬೆಲ್ಲಗಳೊಡನೆ ರುಬ್ಬಿ ಸವರಿ ಪತ್ರೊಡೆ ಮಾಡಿದರೆ, ಅವರು ಕಡಲೆ ಹಿಟ್ಟು ಸವರಿ ಅಳೂವಡಿ ಮಾಡುತ್ತಾರೆ. ಎರಡನ್ನೂ ತಿಂದು ನೋಡಿದ ಮೇಲೆ ನನ್ನ ಮತ ಪತ್ರೊಡೆಗೇ, ಪಕ್ಷಪಾತವೆನ್ನಿ, ಅಡ್ಡಿಯಿಲ್ಲ. ಕೆಸುವಿನ ತುರಿಕೆಗೆ ಕಾರಣ ಎಲೆಯಲ್ಲಿರುವ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಅದಕ್ಕೆ ನಮ್ಮದು ಹುಣಸೆಯ ಮದ್ದು. ಇಲ್ಲಿಯವರು ಮೊದಲ ಮಳೆಗೆ ಏಳುವ ಶೇವಳಾ ಎಂಬ ಕಾಡುಗೆಡ್ಡೆಯ ಹೂದಂಡಿಗೆ ಕಾಕಡ ಎಂಬ ಹುಳಿಕಾಯಿಯನ್ನು ಜೊತೆಗೂಡಿಸುತ್ತಾರೆ. ಗೆಡ್ಡೆ ಬೇರೆ, ಹುಳಿ ಬೇರೆ, ಉಪಾಯ ಒಂದೇ. ಇದನ್ನೆಲ್ಲ ನೆರೆಯ ಧಾರವಾಡದ ಮಿತ್ರರಿಗೆ ಹೇಳಿದರೆ, "ನಿಮ್ಮ ಹುಲ್ಲುಕಡ್ಡಿ ನಿಮಗೇ ಇರಲಿ, ನಮ್ಮ ಹಕ್ಕರಕಿ ಎಲ್ಲಿ ಸಿಗ್ತದ ಹೇಳ್ರಿ" ಎನ್ನುತ್ತಾರೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಆ ಮುದುಕಿ ಆಗ್ರಿ ಸಮಾಜದವಳು, ಹತ್ತಿರದ ಹಳ್ಳಿಯವಳು. ಹಳ್ಳಿ ಎಂದರೆ ನಮ್ಮ ಕಟ್ಟಡಗಳ ನಡುವೆ ಇಕ್ಕಟ್ಟಾಗಿ ಉಳಿದಿರುವ ಮನೆಗಳ ಗುಂಪು. ಆಗ್ರಿಗಳು ಖಾಡಿಯ ಅಂಚಿನಲ್ಲಿ ಉಪ್ಪಿನ ಆಗರಗಳನ್ನೂ, ಕಟ್ಟೆ ಕಟ್ಟಿ ಉಪ್ಪುನೀರನ್ನು ತಡೆದ ಭತ್ತದ ಗದ್ದೆಗಳನ್ನೂ ನಡೆಸಿದವರು. ಕುಮಟಾ ಕಡೆಯ ಗಜನಿ ಗದ್ದೆ, ಕಗ್ಗದ ಭತ್ತ ಕಂಡವರಿಗೆ ಚಿತ್ರ ಕಣ್ಣಿಗೆ ಕಟ್ಟೀತು. 1970ರ ಮಾರ್ಚಿನಲ್ಲಿ ಸಿಡ್ಕೊ ಸ್ಥಾಪನೆಯಾಯಿತು. ಹೊಸ ನಗರಕ್ಕಾಗಿ ಠಾಣೆ ಮತ್ತು ಅಂದಿನ ಕೊಲಾಬಾ, ಅಂದರೆ ಇಂದಿನ ರಾಯಗಡ ಜಿಲ್ಲೆಗಳ 95 ಹಳ್ಳಿಗಳ ನೆಲವನ್ನು ಗುರುತಿಸಲಾಯಿತು. ಪರಿಹಾರ ಸಾಲದೆಂದು ದಿ. ಬಾ. ಪಾಟೀಲರ ಮುಂದಾಳ್ತನದಲ್ಲಿ ಹೋರಾಟ ನಡೆದು, 1984ರ ಜನವರಿಯಲ್ಲಿ ಉರಣ ಬಳಿಯ ಜಾಸಯಿ ಪ್ರದೇಶದಲ್ಲಿ ಪೊಲೀಸರ ಗುಂಡಿಗೆ ಐವರು ರೈತರು ಬಲಿಯಾದರು. ಆ ಮೇಲೆಯೇ ಸ್ವಾಧೀನವಾದ ನೆಲದ ಶೇಕಡಾ ಹನ್ನೆರಡೂವರೆಯಷ್ಟನ್ನು ನಿವೇಶನವಾಗಿ ಹಿಂದಿರುಗಿಸುವ ಯೋಜನೆ ಬಂದದ್ದು. "ನಿಮ್ಮ ಗದ್ದೆ ಎಲ್ಲಿತ್ತು?" ಎಂದು ಒಮ್ಮೆ ಕೇಳಿದೆ. ಆಕೆ ತಲೆಯೆತ್ತದೆ, ಕೈಯಲ್ಲಿದ್ದ ಸೊಪ್ಪಿನ ಕಟ್ಟಿನಿಂದಲೇ ನಮ್ಮ ಕಟ್ಟಡಗಳ ಕಡೆ ತೋರಿಸಿದಳು. ಸಾಲ ಮಾಡಿ ಕೊಂಡ ಮನೆ ನನ್ನದು, ಕಾಗದಪತ್ರಗಳೆಲ್ಲ ಸರಿಯಾಗಿವೆ. ಆದರೂ ಅಂದು ಚಿಲ್ಲರೆ ವಾಪಸು ಕೇಳಲು ಬಾಯಿ ಬರಲಿಲ್ಲ.

1996ರಲ್ಲಿ ಮುಂಬಯಿ ನಗರದೊಳಗಿನ ತರಕಾರಿ, ಹಣ್ಣುಗಳ ಸಗಟು ಪೇಟೆ ವಾಶಿಗೆ ಬಂದ ಮೇಲೆ ನಮಗೆ ಯಾವ ಕಾಯಿಗೂ ಬರವಿಲ್ಲ. ಜುಲೈಯಲ್ಲೂ ಹೂಕೋಸು, ಬಟಾಣಿ. 1998ರ ಜನವರಿ 26ರಂದು ಕೊಂಕಣ ರೈಲು ಪೂರ್ಣವಾದ ಮೇಲಂತೂ ಮಂಗಳೂರು ಸೌತೆ, ಹಲಸಿನ ಬೀಜಗಳು ಚೀಲದಲ್ಲಿ ಊರಿನಿಂದಲೇ ಬರುತ್ತವೆ. ಆದರೆ ಚಗಟೆ ಎರಡು ದಿನ ತಾಳದು. ಅದು ಇಲ್ಲೇ, ಅಂದೇ ಸಿಗಬೇಕು.

ಮಾಡುವ ಕ್ರಮ ಸರಳ. ಹನ್ನೆರಡು ಹಲಸಿನ ಬೀಜಗಳ ಹೊರಸಿಪ್ಪೆ ತೆಗೆದು ಜಜ್ಜಿ, ಉಪ್ಪು ಹಾಕಿ ಬೇಯಿಸಿಕೊಳ್ಳಿ. ಎರಡು ಕಟ್ಟು ಸೊಪ್ಪಿನ ಕುಡಿಯೆಲೆಗಳನ್ನಷ್ಟೇ ಬಿಡಿಸಿ, ತೊಳೆದು, ಸಣ್ಣಗೆ ಹೆಚ್ಚಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ನಾಲ್ಕು ಎಸಳು ಬೆಳ್ಳುಳ್ಳಿಯ ಒಗ್ಗರಣೆ ಮಾಡಿ ಸೊಪ್ಪು ಹಾಕಿದರೆ ಬಾಣಲೆ ತುಂಬ ಇದ್ದದ್ದು ಹಿಡಿಯಷ್ಟಾಗುತ್ತದೆ, ಗಾಬರಿ ಬೇಡ. ಬೆಂದ ಬೀಜ, ಚೂರು ಬೆಲ್ಲ ಸೇರಿಸಿ, ಕೊನೆಗೆ ಹಿಡಿ ಕಾಯಿತುರಿ. ಕುಚ್ಚಲಕ್ಕಿ ಗಂಜಿಗೆ ಇದಕ್ಕಿಂತ ಬೇರೆ ಬೇಡ. ಒಂದು ಮಾತು: ರಸ್ತೆಯಂಚಿನಲ್ಲಿ, ಚರಂಡಿ ಪಕ್ಕದಲ್ಲಿ ಬೆಳೆದದ್ದನ್ನು ಪುಕ್ಕಟೆಯೆಂದು ಕಿತ್ತು ತರಬೇಡಿ. ಎಲ್ಲಿಂದ ಕೊಯ್ಯಬೇಕೆಂಬುದು ಮಾರುವವರಿಗೆ ಗೊತ್ತು.

ಈ ಸಲದ ಮಳೆಗೆ ಮುದುಕಿಯ ಜಾಗದಲ್ಲಿ ಸೊಸೆ ಕುಳಿತಿದ್ದಳು. ಅತ್ತೆಗೆ ಮೊಣಕಾಲು ನೋವಂತೆ. ಮೊದಲು ಸೊಪ್ಪು ಕೊಯ್ಯುತ್ತಿದ್ದ ಖಾಲಿ ನಿವೇಶನಕ್ಕೆ ತಗಡಿನ ಬೇಲಿ ಬಿದ್ದಿದೆ, ಈಗ ಪಾರಸಿಕ್ ಗುಡ್ಡದ ಕಡೆ ಹೋಗಬೇಕು ಎಂದಳು. ಕಟ್ಟಿಗೆ ಐದು ರೂಪಾಯಿ ಹೆಚ್ಚಾಗಿದೆ. ಮೂರು ಕಟ್ಟು ಕೊಂಡೆ. ಹಲಸಿನ ಬೀಜ ಮನೆಯಲ್ಲಿತ್ತು.